ಪಿಎ (ಪರ್ಸನಲ್ ಅಸಿಸ್ಟೆಂಟ್) ಕೆಲಸಕ್ಕೆ ಸೇರಬೇಕು ಅಂತಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಿಕಾಂ, ಬಿಎ ಮುಗಿಸಿ ಬೆಂಗಳೂರಿಗೆ ಬಂದವರು, ಬ್ಯಾಂಕ್ ಪರೀಕ್ಷೆ ಬರೆದು ಬರೆದು ಸಾಕಾದವರು, ಮಕ್ಕಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಮತ್ತೆ ಕೆಲಸ ಹುಡುಕುತ್ತಿರುವವರು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳು ಮುಖ್ಯವಾಗಿ ಬೆಂಗಳೂರಿನ ಖಾಸಗಿ ಆಫೀಸುಗಳಿಗೆ ಹೊಂದುವಂಥವು. ಸರ್ಕಾರಿ ದಾರಿಯ ವಿಷಯವೂ ನಡುವೆ ಬರುತ್ತದೆ.

ಪಿಎ ಅಂದರೆ ದಿನವಿಡೀ ಮಾಡೋದೇನು?

ಇನ್ನೊಬ್ಬರ ದಿನ ಹಳಿ ತಪ್ಪದಂತೆ ನೋಡಿಕೊಳ್ಳುವುದು. ಫೋನ್, ಇಮೇಲ್, ಮೀಟಿಂಗ್, ಟಿಕೆಟ್, ಬಿಲ್ಲು, ಕಾರು, ಬಂದವರಿಗೆ ಕಾಫಿ ಎಲ್ಲವೂ ಅದರೊಳಗೇ ಬರುತ್ತವೆ.

ಒಂದು ಉದಾಹರಣೆ ನೋಡಿ. ನಿಮ್ಮ ಬಾಸ್‌ಗೆ ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಕಾರ್ಖಾನೆ ಇದೆ ಅಂದುಕೊಳ್ಳಿ. ಬೆಳಿಗ್ಗೆ 11ಕ್ಕೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗ್ರಾಹಕರ ಭೇಟಿ, 1 ಗಂಟೆಗೆ ಎಂ.ಜಿ. ರಸ್ತೆಯಲ್ಲಿ ಬ್ಯಾಂಕಿನವರ ಜೊತೆ ಊಟ, 3ಕ್ಕೆ ಕಾರ್ಖಾನೆಯಲ್ಲಿ ಆಡಿಟರ್. ಕ್ಯಾಲೆಂಡರಿನಲ್ಲಿ ಮೂರೂ ನೀಟಾಗಿ ಕೂರುತ್ತವೆ. ಆದರೆ ಕ್ಯಾಲೆಂಡರ್ ಒಪ್ಪಿದರೂ ಸಿಲ್ಕ್ ಬೋರ್ಡ್ ಟ್ರಾಫಿಕ್ ಒಪ್ಪಬೇಕಲ್ಲ! ಹಿಂದಿನ ದಿನವೇ ಇದನ್ನು ಗಮನಿಸಿ ಬಾಸ್‌ನ ಕೇಳಿ, ಊಟವನ್ನು ಗುರುವಾರಕ್ಕೆ ತಳ್ಳಿ, ಆಡಿಟರಿಗೆ 4 ಗಂಟೆ ಅಂತ ತಿಳಿಸಿ, ಕಾರಿನಲ್ಲಿ ತಿನ್ನಲು ಏನಾದರೂ ಇಡಿಸಿ, ಆ ಗ್ರಾಹಕರ ಹಳೇ ದೂರುಗಳನ್ನು ಒಂದು ಪುಟಕ್ಕೆ ಇಳಿಸಿ ಕೈಗೆ ಕೊಟ್ಟು ಕಳಿಸುವವರು ಪಿಎ. ಬಾಸ್‌ಗೆ ಹೋಗುವುದು ಒಂದೇ ಸಾಲಿನ ಮೆಸೇಜು: 'ಊಟ ಗುರುವಾರಕ್ಕೆ, ಆಡಿಟರ್ 4ಕ್ಕೆ, ಫೈಲ್ ಹಿಂದಿನ ಸೀಟಿನಲ್ಲಿದೆ.'

ಪಿಎ, ಇಎ, ಸೆಕ್ರೆಟರಿ, ಆಫೀಸ್ ಅಸಿಸ್ಟೆಂಟ್ ಎಲ್ಲ ಒಂದೇನಾ?

ಜಾಹೀರಾತಿನಲ್ಲಿ ಒಂದರ ಬದಲು ಇನ್ನೊಂದು ಹಾಕಿರುತ್ತಾರೆ, ಹಾಗಾಗಿ ಹೆಸರು ನೋಡಿ ನಂಬಬೇಡಿ. ಕೆಲಸದ ವಿವರ ಓದಿ. ಸಾಮಾನ್ಯವಾಗಿ ಎಕ್ಸಿಕ್ಯೂಟಿವ್ ಅಸಿಸ್ಟೆಂಟ್ (ಇಎ) ಅಂದರೆ ಆಫೀಸಿನ ವ್ಯವಹಾರ ಮಾತ್ರ, ವರದಿ ಮತ್ತು ಮೀಟಿಂಗ್ ಜಾಸ್ತಿ. ಪಿಎ ಅಂದರೆ ಆಫೀಸಿನ ಜೊತೆ ಸ್ವಂತದ ಕೆಲಸವೂ ಸ್ವಲ್ಪ ಸೇರಿರುತ್ತದೆ. ಆಫೀಸ್ ಅಸಿಸ್ಟೆಂಟ್ ಇಡೀ ಆಫೀಸಿಗೆ ಸೇರಿದವರು, ಒಬ್ಬರಿಗಲ್ಲ.

ಕಂಪನಿ ಸೆಕ್ರೆಟರಿ ಮಾತ್ರ ಬೇರೆಯೇ ವೃತ್ತಿ. ಅದಕ್ಕೆ ಕಂಪನಿ ಕಾಯ್ದೆ ಓದಿ, ಇನ್‌ಸ್ಟಿಟ್ಯೂಟ್ ಆಫ್ ಕಂಪನಿ ಸೆಕ್ರೆಟರೀಸ್ ಆಫ್ ಇಂಡಿಯಾ ನಡೆಸುವ ಪರೀಕ್ಷೆಗಳನ್ನು ಪಾಸ್ ಮಾಡಬೇಕು. ಹೆಸರಿನಲ್ಲಿ ಸೆಕ್ರೆಟರಿ ಇದೆ ಅಂತ ಆ ಕೆಲಸಕ್ಕೆ ಅರ್ಜಿ ಹಾಕುವವರು ಈಗಲೂ ಇದ್ದಾರೆ.

ಏನು ಓದಿರಬೇಕು?

ಖಾಸಗಿಯಲ್ಲಿ ಯಾವುದಾದರೂ ಡಿಗ್ರಿ ಸಾಕು. ಚಿಕ್ಕ ಆಫೀಸುಗಳಲ್ಲಿ ಪಿಯುಸಿ ಆದವರನ್ನೂ ತೆಗೆದುಕೊಳ್ಳುತ್ತಾರೆ. ಇದಕ್ಕೇ ಅಂತ ಓದಬೇಕು ಅನ್ನುವವರಿಗೆ ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಾಲಿಟೆಕ್ನಿಕ್‌ಗಳಲ್ಲಿ ಮೂರು ವರ್ಷದ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ ಇದೆ. ಟೈಪಿಂಗ್, ಶಾರ್ಟ್‌ಹ್ಯಾಂಡ್ (ಶೀಘ್ರಲಿಪಿ), ಅಕೌಂಟ್ಸ್, ಪತ್ರ ವ್ಯವಹಾರ ಎಲ್ಲ ಒಟ್ಟಿಗೇ ಕಲಿಸುತ್ತಾರೆ. ಐಟಿಐನಲ್ಲಿ ಒಂದು ವರ್ಷದ ಸ್ಟೆನೋಗ್ರಾಫರ್ ಅಂಡ್ ಸೆಕ್ರೆಟೇರಿಯಲ್ ಅಸಿಸ್ಟೆಂಟ್ ಟ್ರೇಡ್ ಇದೆ. ದುಡ್ಡು ಸುರಿದು 'ಪಿಎ ಸರ್ಟಿಫಿಕೇಟ್' ಕೋರ್ಸ್ ಮಾಡುವುದು ನನ್ನ ಪ್ರಕಾರ ದಂಡ. ಆ ಸರ್ಟಿಫಿಕೇಟ್ ನೋಡಿ ಕೆಲಸ ಕೊಡುವವರು ಕಡಿಮೆ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಕನ್ನಡ ಮೀಡಿಯಂನಲ್ಲಿ ಓದಿದವಳು. ನನಗೆ ಆಗುತ್ತಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದೇ. ಆಗುತ್ತದೆ. ಆದರೆ ಎರಡು ಮಾತು ಬಿಡಿಸಿ ಹೇಳಬೇಕು.

ಮೊದಲನೆಯದು, ಇಂಗ್ಲಿಷ್ ಬೇಡ ಅಂತ ಯಾರೂ ಹೇಳುವುದಿಲ್ಲ. ಬೇಕಾಗಿರುವುದು ಭಾಷಣ ಮಾಡುವ ಇಂಗ್ಲಿಷ್ ಅಲ್ಲ, ತಪ್ಪಿಲ್ಲದ ನಾಲ್ಕು ಸಾಲಿನ ಇಮೇಲು. ಪಿಎ ಬರೆಯುವ ಇಮೇಲುಗಳಲ್ಲಿ ಬಹುಪಾಲು ಹತ್ತು ಹದಿನೈದು ಬಗೆಯವೇ: ಸಮಯ ಕೇಳುವುದು, ಸಮಯ ಬದಲಿಸುವುದು, ನೆನಪಿಸುವುದು, ಕ್ಷಮೆ ಕೇಳಿ ಬೇಡ ಅನ್ನುವುದು, ಬಿಲ್ ಕಳಿಸುವುದು. ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಬಳಸಿ. ಆರು ತಿಂಗಳಲ್ಲಿ ಕೈಗೆ ಬರುತ್ತದೆ. ಫೋನಿನಲ್ಲಿ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಅಂತ ಕೇಳುವುದಕ್ಕೆ ನಾಚಿಕೆ ಬೇಡ. ಹೆಸರು ಮತ್ತು ನಂಬರನ್ನು ತಿರುಗಿ ಓದಿ ಹೇಳುವುದು ಈ ಕೆಲಸದಲ್ಲಿ ಒಳ್ಳೆಯ ಅಭ್ಯಾಸವೇ.

ಎರಡನೆಯದು ಯಾರೂ ಹೇಳಿಕೊಡದ ವಿಷಯ. ಬೆಂಗಳೂರಿನಲ್ಲಿ ಕನ್ನಡ ಚೆನ್ನಾಗಿ ಬರುವ ಪಿಎಗೆ ಬೇರೆಯದೇ ಬೆಲೆ ಇದೆ. ಎಷ್ಟೋ ಬಾಸ್‌ಗಳು ಹೊರ ರಾಜ್ಯದವರು. ಸಬ್ ರಿಜಿಸ್ಟ್ರಾರ್ ಆಫೀಸಿನ ಕಾಗದ, ಬೆಸ್ಕಾಂ ಬಿಲ್ಲಿನ ಗೊಂದಲ, ಇ-ಖಾತಾ, ಪೊಲೀಸ್ ವೆರಿಫಿಕೇಶನ್, ಊರಿಗೆ ಹೋದ ಡ್ರೈವರ್ ಯಾವತ್ತು ಬರುತ್ತಾನೆ ಅನ್ನೋ ವಿಚಾರಣೆ, ಎಲ್ಲವೂ ಕನ್ನಡದಲ್ಲೇ ಸಲೀಸು. ಲಂಡನ್ ಗ್ರಾಹಕರಿಗೆ ಇಮೇಲ್ ಕಳಿಸಿ ಅದೇ ಅರ್ಧ ಗಂಟೆಯಲ್ಲಿ 'ಸರ್, ನಮ್ ಫೈಲು ಯಾವ ಟೇಬಲ್ ಮೇಲಿದೆ, ಸ್ವಲ್ಪ ನೋಡಿ ಹೇಳ್ತೀರಾ' ಅಂತ ಗುಮಾಸ್ತರನ್ನು ಮಾತಾಡಿಸಿ ಕೆಲಸ ಮಾಡಿಸುವವರು ಎಷ್ಟು ಜನ ಸಿಗುತ್ತಾರೆ ಹೇಳಿ? ಇದನ್ನು ರೆಸ್ಯೂಮೆಯ ಕೊನೆಯಲ್ಲಿ 'ಗೊತ್ತಿರುವ ಭಾಷೆಗಳು' ಅನ್ನುವ ಸಾಲಿನಲ್ಲಿ ಹೂತುಹಾಕಬೇಡಿ. ಮೇಲೆ ಬರೆಯಿರಿ, ಇಂಟರ್‌ವ್ಯೂನಲ್ಲಿ ಬಾಯಿಬಿಟ್ಟು ಹೇಳಿ.

ಶಾರ್ಟ್‌ಹ್ಯಾಂಡ್ ಈಗಲೂ ಬೇಕಾ?

ಖಾಸಗಿ ಆಫೀಸಿಗೆ ಬೇಡ. ಕೋರ್ಟು, ಸರ್ಕಾರಿ ಕಚೇರಿ ಅಂದರೆ ಬೇಕು.

ರಾಜ್ಯದಲ್ಲಿ ಕನ್ನಡ, ಇಂಗ್ಲಿಷ್ ಎರಡರ ಟೈಪಿಂಗ್ ಮತ್ತು ಶೀಘ್ರಲಿಪಿ ಪರೀಕ್ಷೆಗಳನ್ನು ನಡೆಸುವುದು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮಾಡುವ ಮಂಡಳಿಯೇ. ಜೂನಿಯರ್, ಸೀನಿಯರ್, ಪ್ರೊಫಿಶಿಯೆನ್ಸಿ ಅಂತ ಹಂತಗಳಿವೆ. ಜಿಲ್ಲಾ ನ್ಯಾಯಾಲಯಗಳ ಸ್ಟೆನೋಗ್ರಾಫರ್ ಹುದ್ದೆಗೆ ಸೀನಿಯರ್ ಕೇಳುತ್ತಾರೆ, ಅದೂ ಎರಡೂ ಭಾಷೆಯಲ್ಲಿ. ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಇನ್ನೂ ಉಸಿರಾಡುತ್ತಿರುವುದು ಇದರಿಂದಲೇ.

ಕೇಂದ್ರ ಸರ್ಕಾರದ್ದು ಬೇರೆ. ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುವ ಸ್ಟೆನೋಗ್ರಾಫರ್ ಪರೀಕ್ಷೆಗೆ ಪಿಯುಸಿ ಸಾಕು. ಮೊದಲು 200 ಅಂಕದ ಕಂಪ್ಯೂಟರ್ ಪರೀಕ್ಷೆ, ಅದರಲ್ಲಿ 100 ಇಂಗ್ಲಿಷಿಗೇ. ಆಮೇಲೆ 10 ನಿಮಿಷದ ಡಿಕ್ಟೇಶನ್. ಗ್ರೇಡ್ 'ಡಿ'ಗೆ ನಿಮಿಷಕ್ಕೆ 80 ಪದ, ಗ್ರೇಡ್ 'ಸಿ'ಗೆ 100 ಪದ. ಬರೆದುಕೊಂಡದ್ದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಒಪ್ಪಿಸಲು 'ಡಿ'ಗೆ 50 ನಿಮಿಷ, 'ಸಿ'ಗೆ 40. ಡಿಕ್ಟೇಶನ್ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಮಾತ್ರ, ಕನ್ನಡ ಶೀಘ್ರಲಿಪಿ ಅಲ್ಲಿ ನಡೆಯುವುದಿಲ್ಲ. ಗ್ರೇಡ್ 'ಡಿ'ಯ ಮೂಲ ವೇತನ 25,500 ರೂಪಾಯಿಯಿಂದ ಶುರು, ಅದರ ಮೇಲೆ ಡಿಎ, ಮನೆ ಬಾಡಿಗೆ ಭತ್ಯೆ. ಸೊನ್ನೆಯಿಂದ ಕಲಿತು 80 ಪದದ ವೇಗ ಮುಟ್ಟಲು ದಿನಾ ಕೂತು ಬರೆಯಬೇಕು. ವಾರಕ್ಕೆರಡು ದಿನ ಕ್ಲಾಸಿಗೆ ಹೋದರೆ ಆಗುವ ಮಾತಲ್ಲ.

ಸಚಿವರ, ಶಾಸಕರ ಆಪ್ತ ಸಹಾಯಕರ ಕೆಲಸ ಕೇಳುವವರೂ ಇದ್ದಾರೆ. ಅಲ್ಲಿ ಪರಿಚಯ, ನಂಬಿಕೆಯ ಮೇಲೆ ನಡೆಯುವುದೇ ಜಾಸ್ತಿ. ಅರ್ಜಿ ಹಾಕಿ ಕಾದು ಕೂರುವ ದಾರಿ ಅದಲ್ಲ.

ಕಂಪ್ಯೂಟರ್ ಎಷ್ಟು ಗೊತ್ತಿರಬೇಕು?

ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಅಂತ ಎಲ್ಲರೂ ರೆಸ್ಯೂಮೆಯಲ್ಲಿ ಬರೆಯುತ್ತಾರೆ. ನಿಜವಾಗಿ ಬೇಕಾಗಿರುವುದು ಕ್ಯಾಲೆಂಡರ್. ಔಟ್‌ಲುಕ್ ಅಥವಾ ಗೂಗಲ್ ಕ್ಯಾಲೆಂಡರಿನಲ್ಲಿ ಇನ್ನೊಬ್ಬರ ಪರವಾಗಿ ಮೀಟಿಂಗ್ ಇಡುವುದು, ಬದಲಿಸುವುದು, ಎರಡು ಟೈಮ್ ಜೋನ್ ಒಟ್ಟಿಗೆ ತೋರಿಸುವಂತೆ ಮಾಡುವುದು ಕಲಿಯಿರಿ.

ಟೈಮ್ ಜೋನ್ ಸುಮ್ನೆ ಮಾತಲ್ಲ. ನಮ್ಮ ಗಡಿಯಾರ ವರ್ಷವಿಡೀ ಒಂದೇ. ಅಮೆರಿಕದವರು ಮಾರ್ಚ್ ತಿಂಗಳ ಎರಡನೇ ಭಾನುವಾರ ಒಂದು ಗಂಟೆ ಮುಂದಿಟ್ಟು, ನವೆಂಬರಿನ ಮೊದಲ ಭಾನುವಾರ ಹಿಂದಿಡುತ್ತಾರೆ. ಹಾಗಾಗಿ ನಮ್ಮ ಸಂಜೆ 6 ಗಂಟೆ ಜುಲೈನಲ್ಲಿ ನ್ಯೂಯಾರ್ಕಿನ ಬೆಳಿಗ್ಗೆ 8.30, ಜನವರಿಯಲ್ಲಿ 7.30. ಬ್ರಿಟನ್ನಿನವರು ಮಾರ್ಚ್ ಕೊನೆಯ ಭಾನುವಾರ ಬದಲಿಸುತ್ತಾರೆ. ಈ ಎರಡರ ನಡುವಿನ ಎರಡು ಮೂರು ವಾರ ಲಂಡನ್, ನ್ಯೂಯಾರ್ಕ್, ಬೆಂಗಳೂರು ಮೂರೂ ಸೇರುವ ಕಾಲ್ ಇದ್ದರೆ ಪ್ರತಿ ಸಲ ಪರೀಕ್ಷಿಸಿ ನೋಡಿ. ತಾರೀಖು ಬರೆಯುವಾಗ 03/04 ಅಂತ ಬಿಡಬೇಡಿ. ನಮಗೆ ಅದು ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ.

ಕನ್ನಡ ಟೈಪಿಂಗ್ ಕಲಿತಿದ್ದರೆ ಒಳ್ಳೆಯದು, ನುಡಿ ಕೀಲಿಮಣೆ ಸಾಕು. ಆದರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೇ ಫಾಂಟಿನಲ್ಲಿ ಮಾಡಿದ ಪತ್ರವನ್ನು ವಾಟ್ಸ್‌ಆಪಿಗೆ ಅಂಟಿಸಿದರೆ ಏನೇನೋ ಅರ್ಥವಾಗದ ಅಕ್ಷರ ಬರುತ್ತದೆ.

ಅನುಭವ ಇಲ್ಲದೆ ಮೊದಲ ಕೆಲಸ ಸಿಗೋದು ಹೇಗೆ?

ನೇರವಾಗಿ ದೊಡ್ಡ ಕಂಪನಿಯ ಮುಖ್ಯಸ್ಥರ ಪಿಎ ಆಗುವವರು ಕಡಿಮೆ. ಆಡಿಟರ್ ಆಫೀಸು, ವಕೀಲರ ಚೇಂಬರು, ಆರ್ಕಿಟೆಕ್ಟು, ಡಾಕ್ಟರ ಕ್ಲಿನಿಕ್, ಬಿಲ್ಡರ್, ಶಾಲೆ ನಡೆಸುವ ಟ್ರಸ್ಟು, ಇಂಥ ಕಡೆ ಶುರು ಮಾಡಿ. ಅಲ್ಲಿ ಹತ್ತು ಕೆಲಸ ಒಬ್ಬರೇ ಮಾಡಬೇಕು, ಅದಕ್ಕೇ ಬೇಗ ಕಲಿಯುತ್ತೀರಿ. ಇನ್ನೊಂದು ದಾರಿ ರಿಸೆಪ್ಷನ್. ಫ್ರಂಟ್ ಡೆಸ್ಕಿನಲ್ಲಿ ಚೆನ್ನಾಗಿ ನಿಭಾಯಿಸುವವರ ಮೇಲೆ ಒಳಗಿನವರ ಕಣ್ಣು ಬಿದ್ದೇ ಬೀಳುತ್ತದೆ. ಒಳಗೆ ಜಾಗ ಖಾಲಿಯಾದಾಗ ಮೊದಲು ಕೇಳುವುದು ಅವರನ್ನೇ.

ನೌಕ್ರಿ, ಲಿಂಕ್ಡ್‌ಇನ್‌ನಲ್ಲಿ ಜಾಹೀರಾತು ಬರುತ್ತವೆ, ನಿಜ. ಆದರೆ ತನ್ನ ಮನೆ, ದುಡ್ಡು, ಫೋನ್ ಎಲ್ಲ ನೋಡುವ ವ್ಯಕ್ತಿಯನ್ನು ಜನ ಪರಿಚಯದವರ ಮೂಲಕವೇ ಹುಡುಕುತ್ತಾರೆ. ನಿಮ್ಮ ಕಾಲೇಜಿನ ಮೇಷ್ಟ್ರು, ಹಳೇ ಆಫೀಸಿನ ಅಕೌಂಟೆಂಟು, ಸಂಬಂಧಿಕರಲ್ಲಿ ಆಡಿಟರ್ ಇದ್ದರೆ ಅವರು, ಎಲ್ಲರ ಕಿವಿಗೂ ಹಾಕಿಡಿ.

ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ?

'ಒಂದೇ ಹೊತ್ತಿಗೆ ಇಬ್ಬರು ಬಂದು ಕೂತಿದ್ದಾರೆ, ಇಬ್ಬರಿಗೂ ನೀವೇ ಟೈಮ್ ಕೊಟ್ಟಿದ್ದೀರಿ, ಏನು ಮಾಡ್ತೀರಿ?' ಈ ತರದ್ದು. ಸರಿ ಉತ್ತರ ಒಂದೇ ಅಂತ ಇಲ್ಲ. ನೀವು ಗಾಬರಿಯಾಗಿ ಯಾರ ಮೇಲೋ ತಪ್ಪು ಹೊರಿಸುತ್ತೀರಾ ಅಂತ ನೋಡುತ್ತಾರೆ. ಕೆಲವರು ಹತ್ತು ನಿಮಿಷದ ರೆಕಾರ್ಡಿಂಗ್ ಕೇಳಿಸಿ ಮೀಟಿಂಗ್ ನೋಟ್ಸ್ ಬರೆಯಿರಿ ಅನ್ನುತ್ತಾರೆ. ಯಾರು ಏನೇನು ಅಂದರು ಅಂತ ಪುರಾಣ ಬರೆಯಬೇಡಿ. ಏನು ತೀರ್ಮಾನವಾಯಿತು, ಯಾರು ಮಾಡಬೇಕು, ಯಾವಾಗ ಒಳಗೆ ಅನ್ನುವುದು ಅರ್ಧ ಪುಟದಲ್ಲಿ ಇರಲಿ. ಇನ್ನೊಂದು ವಿಷಯ, ಹಿಂದಿನ ಬಾಸ್ ಬಗ್ಗೆ ಏನೂ ಬಿಚ್ಚಿ ಹೇಳಬೇಡಿ. ಸುಮ್ನೆ ಮಾತಿಗೆಳೆದು ನೋಡುತ್ತಾರೆ. ಹಳೇ ಬಾಸ್ ಗುಟ್ಟು ಇಲ್ಲಿ ಹೇಳಿದವರು ನಾಳೆ ನನ್ನದನ್ನೂ ಹೇಳುತ್ತಾರೆ ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ?

ಟಿಕೆಟ್ ಬುಕ್ ಮಾಡೋದರಲ್ಲಿ ಕಲಿಯೋಕೆ ಏನಿದೆ?

ತುಂಬಾ ಇದೆ. ಹೆಚ್ಚಿನ ಎಡವಟ್ಟು ಆಗುವುದೇ ಇಲ್ಲಿ.

ಹೆಸರಿನಿಂದ ಶುರು ಮಾಡೋಣ. ನಮ್ಮ ಕಡೆ ಹೆಸರಿಗೆ ಇನಿಷಿಯಲ್ ಇರುತ್ತದೆ. ಆಫೀಸಿನಲ್ಲಿ 'ಎಚ್.ಎಸ್. ಮಂಜುನಾಥ್' ಆಗಿರುವವರು ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆಸಿದ ಉದ್ದ ಹೆಸರಿನವರು. ಅದರಲ್ಲಿ ಯಾವ ಭಾಗ ಸರ್‌ನೇಮ್ ಕಾಲಂನಲ್ಲಿದೆ ಅನ್ನುವುದು ಒಬ್ಬೊಬ್ಬರದು ಒಂದೊಂದು ತರ. ವಿದೇಶದ ಟಿಕೆಟ್ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು, ವಿಸಿಟಿಂಗ್ ಕಾರ್ಡ್ ನೋಡಿ ಮಾಡಬೇಡಿ. ಮೊದಲ ವಾರವೇ ಪಾಸ್‌ಪೋರ್ಟಿನ ಹೆಸರನ್ನು ಅಕ್ಷರ ಬಿಡದೆ ಬರೆದಿಟ್ಟುಕೊಳ್ಳಿ. ಜೊತೆಗೆ ಅದರ ಅವಧಿ ಮುಗಿಯುವ ತಾರೀಖು. ಎಷ್ಟೋ ದೇಶಗಳು ಇನ್ನೂ 6 ತಿಂಗಳು ಅವಧಿ ಉಳಿದಿರಬೇಕು ಅನ್ನುತ್ತವೆ.

ಆಮೇಲೆ ನಡುರಾತ್ರಿಯ ಲೆಕ್ಕ. ಬೆಂಗಳೂರಿನಿಂದ ಯೂರೋಪಿಗೆ ಹೋಗುವ ವಿಮಾನಗಳಲ್ಲಿ ಹಲವು ಹೊರಡುವುದು ನಡುರಾತ್ರಿ ದಾಟಿದ ಮೇಲೆ. ಟಿಕೆಟಿನಲ್ಲಿ 15ನೇ ತಾರೀಖು 1.50 ಅಂತಿದ್ದರೆ 14ರ ರಾತ್ರಿ ಊಟ ಮಾಡಿ ಮನೆ ಬಿಡಬೇಕು. ಡ್ರೈವರಿಗೆ 'ಹದಿನೈದಕ್ಕೆ ಏರ್‌ಪೋರ್ಟ್' ಅಂತ ಹೇಳಿದರೆ ಅವನು ಒಂದು ದಿನ ತಡವಾಗಿ ಬಂದು ನಿಲ್ಲುತ್ತಾನೆ. 'ಮಂಗಳವಾರ ರಾತ್ರಿ 9.30ಕ್ಕೆ ಮನೆ ಹತ್ರ' ಅಂತ ವಾರದ ಹೆಸರು ಹಿಡಿದು ಹೇಳಿ. ಕೆಂಪೇಗೌಡ ನಿಲ್ದಾಣದಲ್ಲಿ ಎರಡು ಟರ್ಮಿನಲ್ ಇವೆ. ಯಾವುದು ಅಂತ ಮೆಸೇಜಿನಲ್ಲಿ ಬರೆದುಬಿಡಿ.

ರೈಲು ಸುಲಭ. 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ತತ್ಕಾಲ್ ಹಿಂದಿನ ದಿನ, ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ.

ಸಂಬಳ ಹೇಗೆ?

ಆಫೀಸಿನ ಗಾತ್ರಕ್ಕಿಂತ ಬಾಸ್ ಎಷ್ಟು ಬ್ಯುಸಿ ಅನ್ನುವುದರ ಮೇಲೆ ನಿಂತಿದೆ. ಶುರುವಿನಲ್ಲಿ ರಿಸೆಪ್ಷನಿಸ್ಟ್, ಅಕೌಂಟ್ಸ್ ಅಸಿಸ್ಟೆಂಟ್‌ಗೆ ಸಿಗುವಷ್ಟೇ ಇರುತ್ತದೆ. ಆಮೇಲೆ ಏರುವುದು ಬಾಸ್ ಮೇಲೇರಿದಾಗ ಅಥವಾ ನೀವು ಕೆಲಸ ಬದಲಿಸಿದಾಗ. ಒಪ್ಪಿಕೊಳ್ಳುವ ಮೊದಲು ಕೈಗೆ ಬರುವುದೆಷ್ಟು, ಪಿಎಫ್ ಇದೆಯಾ ಅಂತ ಕೇಳಿ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಬಗ್ಗೆಯೂ ಕೇಳಿ. ಕೆಲವರು 'ಕನ್ಸಲ್ಟೆಂಟ್' ಅಂತ ಹೆಸರಿಟ್ಟು ಶೇ 10 ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಕೊಡುತ್ತಾರೆ. ಆಗ ಪಿಎಫ್ ಇಲ್ಲ, ರಜೆಯ ಲೆಕ್ಕವೂ ಇಲ್ಲ. ಫೋನ್ ಬಿಲ್, ರಾತ್ರಿ ತಡವಾದರೆ ಕ್ಯಾಬ್, ಇವೆರಡನ್ನೂ ಮೊದಲೇ ಮಾತಾಡಿ. ಆಮೇಲೆ ಕೇಳೋದು ಮುಜುಗರ.

ಮನೆ ಕೆಲಸವನ್ನೂ ಹೇಳ್ತಾರಂತೆ, ಹೌದಾ?

ಹೇಳುತ್ತಾರೆ. ಮಗಳ ಸ್ಕೂಲ್ ಫೀಸು, ಅಮ್ಮನ ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟ್, ಗೃಹಪ್ರವೇಶಕ್ಕೆ ಅಡುಗೆಯವರು. ಪಿಎ ಅಂತ ಸೇರಿದ ಮೇಲೆ ಇದು ಸಹಜ. ಎಲ್ಲಿಯವರೆಗೆ ಅನ್ನುವುದನ್ನು ಸೇರುವಾಗಲೇ ಬರೆಸಿಕೊಳ್ಳಿ. ಭಾನುವಾರ ಫೋನ್ ಬರುತ್ತದೆಯೇ ಅಂತಲೂ. ತಿಂಡಿ ತರಿಸುವುದು ಸರಿ, ಪಾತ್ರೆ ತೊಳೆಯೋದು ನಿಮ್ಮ ಕೆಲಸ ಅಲ್ಲ.

ಬಾಸ್ ಒಟಿಪಿ, ಪಾಸ್‌ವರ್ಡ್, ಡಿಜಿಟಲ್ ಸಹಿ ಎಲ್ಲ ನನ್ನ ಕೈಗೇ ಕೊಟ್ಟಿದ್ದಾರೆ. ತೊಂದರೆ ಇದೆಯಾ?

ಇದೆ. ನಮ್ಮ ಆಫೀಸುಗಳಲ್ಲಿ ಇದು ಮಾಮೂಲಿ, ಅದಕ್ಕೇ ಯಾರಿಗೂ ಭಯ ಇಲ್ಲ. ಪೆನ್‌ಡ್ರೈವ್‌ನಂಥ ಡಿಜಿಟಲ್ ಸಹಿಯ ಟೋಕನ್ ಪಿಎ ಡ್ರಾಯರಿನಲ್ಲಿ, ಅದರ ಪಿನ್ ಮೇಲೆ ಅಂಟಿಸಿದ ಚೀಟಿಯಲ್ಲಿ! ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆ 2000ರ ಪ್ರಕಾರ ಬೇರೆಯವರ ಎಲೆಕ್ಟ್ರಾನಿಕ್ ಸಹಿ, ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ನೀವು ಮೋಸ ಮಾಡದಿರಬಹುದು. ಆದರೆ ನಾಳೆ ಲೆಕ್ಕದಲ್ಲಿ ಏರುಪೇರಾದರೆ ಮೊದಲು ತಿರುಗಿ ನೋಡುವುದು ಟೋಕನ್ ಯಾರ ಹತ್ತಿರ ಇತ್ತು ಅಂತ. ಬ್ಯಾಂಕಿನ ಕೆಲಸಕ್ಕೆ ಕಂಪನಿಯ ಖಾತೆಯಲ್ಲಿ ನಿಮ್ಮದೇ ಬೇರೆ ಲಾಗಿನ್ ಮಾಡಿಸಿಕೊಡಿ ಅಂತ ಕೇಳಿ. ನೀವು ವಿವರ ತುಂಬಿ, ಬಾಸ್ ಒಪ್ಪಿಗೆ ಕೊಡುವ ಹಾಗೆ. ಸಹಿಯನ್ನಂತೂ ಅವರು 'ನೀನೇ ಹಾಕು ಪರವಾಗಿಲ್ಲ' ಅಂದರೂ ಹಾಕಬೇಡಿ. ಹೋಟೆಲಿಗೆ ಆಧಾರ್ ಕಳಿಸುವಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಆದ ಪ್ರತಿ ಕಳಿಸಿ.

ಇನ್ನೊಂದು ಅಪಾಯ ಹೊರಗಿನಿಂದ ಬರುತ್ತದೆ. ಬಾಸ್ ಫೋಟೋ ಇರುವ ಹೊಸ ನಂಬರಿನಿಂದ ವಾಟ್ಸ್‌ಆಪ್: 'ಮೀಟಿಂಗ್‌ನಲ್ಲಿದ್ದೇನೆ, ಕಾಲ್ ಮಾಡಬೇಡ, ಈ ಖಾತೆಗೆ ತಕ್ಷಣ ಹಣ ಹಾಕು.' ಕಳ್ಳರು ಗುರಿ ಇಡುವುದೇ ಪಿಎ ಮತ್ತು ಅಕೌಂಟ್ಸ್‌ನವರಿಗೆ. ಹಣದ ವಿಷಯವನ್ನು ಹಳೇ ನಂಬರಿಗೆ ಫೋನ್ ಮಾಡಿ ದನಿ ಕೇಳದೆ ಮಾಡುವುದಿಲ್ಲ ಅಂತ ಬಾಸ್ ಜೊತೆ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಹಣ ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೈಸಿಕೊಳ್ಳುವ ಭಯಕ್ಕೆ ಸಂಜೆವರೆಗೆ ಕಾಯಬೇಡಿ.

ಹೆಣ್ಣುಮಕ್ಕಳಿಗೆ ಸುರಕ್ಷಿತವಾ?

ಹೆಚ್ಚಿನ ಕಡೆ ಹೌದು. ಆದರೆ ಒಬ್ಬರ ಜೊತೆಯೇ ದಿನವಿಡೀ ಕೆಲಸ, ಕೆಲವೊಮ್ಮೆ ಮನೆಯೇ ಆಫೀಸು. ಹಾಗಾಗಿ ಕಾನೂನು ಗೊತ್ತಿರಲಿ. 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಪಿಎಗಳಿಗೆ ಮುಖ್ಯವಾದ ಸಂಗತಿ ಇದು: ಆಫೀಸಿನಲ್ಲಿ 10ಕ್ಕಿಂತ ಕಡಿಮೆ ಜನ ಇದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆಯಾದ 3 ತಿಂಗಳ ಒಳಗೆ ಕೊಡಬೇಕು, ಸರಿಯಾದ ಕಾರಣ ಇದ್ದರೆ ಇನ್ನೂ 3 ತಿಂಗಳು ಕೊಡುತ್ತಾರೆ. ಮೆಸೇಜುಗಳನ್ನು ಅಳಿಸಬೇಡಿ.

ಗಂಡಸರನ್ನು ತೆಗೆದುಕೊಳ್ತಾರಾ?

ಧಾರಾಳವಾಗಿ. ವಿಧಾನಸೌಧದ ಕಡೆ ಒಮ್ಮೆ ಹೋಗಿ ನೋಡಿ ಬನ್ನಿ.

ಮನೆಯಲ್ಲೇ ಕೂತು ವರ್ಚುವಲ್ ಅಸಿಸ್ಟೆಂಟ್ ಆಗಬಹುದಾ?

ಆಗಬಹುದು, ಆದರೆ ಮೊದಲ ಕೆಲಸವಾಗಿ ಬೇಡ ಅನ್ನುತ್ತೇನೆ. ಒಂದೆರಡು ವರ್ಷ ಆಫೀಸಿನಲ್ಲಿ ಕೂತು ಜನ ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡಿದವರು ಇದರಲ್ಲಿ ನಿಲ್ಲುತ್ತಾರೆ. ಸಿರ್ಸಿಯಲ್ಲೋ ಹಾಸನದಲ್ಲೋ ಕೂತು ಹೊರದೇಶದವರಿಗೆ ಕೆಲಸ ಮಾಡಬಹುದು, ಕರೆಂಟು ಮತ್ತು ಇಂಟರ್‌ನೆಟ್‌ಗೆ ಎರಡನೇ ವ್ಯವಸ್ಥೆ ಇರಲಿ. ವರ್ಷದ ಆದಾಯ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಚಿಂತೆ ಇಲ್ಲ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಮಾತ್ರ ಹಾಕಿ. ಕೆಲಸ ಕೊಡಲು ನಿಮ್ಮಿಂದಲೇ ಡೆಪಾಸಿಟ್, ರಿಜಿಸ್ಟ್ರೇಶನ್ ಅಂತ ದುಡ್ಡು ಕೇಳಿದರೆ ಅದು ಮೋಸ. ಯೋಚನೆ ಮಾಡುವುದೇ ಬೇಡ.

ಎಐ ಬಂದ ಮೇಲೆ ಈ ಕೆಲಸ ಉಳಿಯುತ್ತಾ?

ಟೈಪಿಂಗ್, ನೋಟ್ಸ್, ಇಮೇಲ್ ಕರಡು ಇವೆಲ್ಲ ಆಗಲೇ ಕಡಿಮೆಯಾಗುತ್ತಿವೆ. ಕಲಿತು ಬಳಸಿ. ಆದರೆ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ನಡೆಯುವ ನಮ್ಮ ಮೀಟಿಂಗುಗಳ ನೋಟ್ಸನ್ನು ಒಮ್ಮೆ ಕಣ್ಣಾಡಿಸದೆ ಯಾರಿಗೂ ಕಳಿಸಬೇಡಿ. 'ನೋಡೋಣ ಬಿಡಿ' ಅಂದರೆ ಒಪ್ಪಿಗೆಯೋ ಬೇಡ ಅನ್ನುವುದೋ ಅಂತ ಅಲ್ಲಿ ಕೂತವರಿಗೆ ಮಾತ್ರ ಗೊತ್ತು. ಕಂಪನಿಯ ಒಳಗಿನ ಕಾಗದಪತ್ರವನ್ನು ಪುಕ್ಕಟೆ ಸಿಗುವ ಎಐಗೆ ಅಂಟಿಸಬೇಡಿ. ಕಂಪನಿ ಯಾವುದನ್ನು ಬಳಸಲು ಒಪ್ಪಿದೆ ಅಂತ ಕೇಳಿಕೊಳ್ಳಿ.

ಎಷ್ಟು ವರ್ಷ ಪಿಎ ಆಗಿಯೇ ಇರೋದು?

ಇಷ್ಟವಿದ್ದರೆ ಕೊನೆಯವರೆಗೂ. ಬೇಡ ಅನ್ನಿಸಿದವರು ಆಫೀಸ್ ಮ್ಯಾನೇಜರ್, ಎಚ್‌ಆರ್, ಅಡ್ಮಿನ್ ಮುಖ್ಯಸ್ಥರು, ಚೀಫ್ ಆಫ್ ಸ್ಟಾಫ್ ಹೀಗೆ ಹೋಗುತ್ತಾರೆ. ಇಡೀ ಕಂಪನಿ ಹೇಗೆ ನಡೆಯುತ್ತದೆ ಅಂತ ಪಿಎಗೆ ಗೊತ್ತಾಗುವಷ್ಟು ಅದೇ ಸಂಬಳದ ಬೇರೆ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲ ವಾರ ಏನೇನು ಕೇಳಿಕೊಳ್ಳಬೇಕು?

ಎಂಥ ಮೀಟಿಂಗ್ ಇದ್ದರೂ ಯಾರ ಫೋನ್ ಕೊಡಬೇಕು ಅನ್ನುವುದು ಮೊದಲನೆಯದು. ಹೆಂಡತಿ, ವಯಸ್ಸಾದ ಅಪ್ಪ, ಮಕ್ಕಳ ಸ್ಕೂಲು, ಒಬ್ಬಿಬ್ಬರು ಗ್ರಾಹಕರು. ಎಷ್ಟು ಗಂಟೆ ಮೇಲೆ ಬಾಸ್‌ಗೆ ಫೋನ್ ಮಾಡಬಾರದು. ಊಟದಲ್ಲಿ ಏನು ಆಗುವುದಿಲ್ಲ, ಶನಿವಾರ ಉಪವಾಸವಾ. ರಾಹುಕಾಲ ನೋಡುತ್ತಾರಾ ಅಂತಲೂ ಕೇಳಿ, ನಗಬೇಡಿ. ನೋಡುವವರಾದರೆ ಶುಕ್ರವಾರ 10.30ರಿಂದ 12ರವರೆಗೆ ಒಪ್ಪಂದಕ್ಕೆ ಸಹಿ ಹಾಕುವ ಮೀಟಿಂಗ್ ಇಟ್ಟು ಪ್ರಯೋಜನವಿಲ್ಲ. ಡ್ರೈವರ್, ಮನೆ ಡಾಕ್ಟರ್, ಆಡಿಟರ್ ನಂಬರುಗಳು, ಕಾರಿನ ಇನ್ಶೂರೆನ್ಸ್ ಮುಗಿಯುವ ತಾರೀಖು ಒಂದು ಕಡೆ ಬರೆದಿಡಿ. ಹಿಂದಿನ ಪಿಎ ಸಂಪರ್ಕಕ್ಕೆ ಸಿಕ್ಕರೆ ಒಂದು ಕಾಫಿ ಕುಡಿಸಿ. ಅರ್ಧ ಗಂಟೆಯಲ್ಲಿ ಅವರು ಹೇಳುವುದನ್ನು ನೀವೇ ಕಲಿಯಲು ತಿಂಗಳುಗಳು ಬೇಕು. ಯಾಕೆ ಬಿಟ್ಟಿರಿ ಅಂತಲೂ ಕೇಳಿಬಿಡಿ.